ಗುಜರಿಗೆ ಹಾಕುವ ಮೊದಲು ಮ್ಯಾಟ್ ಎತ್ತಿ ನೋಡಿ

ಮನೆ ಮುಂದೆ ಹಳೆ ಕಾರೊಂದು ನಿಂತಿದ್ದರೆ ಹೋಗುವವರು ಬರುವವರೆಲ್ಲ ಒಂದೇ ಮಾತು ಹೇಳುತ್ತಾರೆ: ‘ಇನ್ನೂ ಯಾಕ ಇಟ್ಕೊಂಡೀರಿ, ಗುಜರಿಗೆ ಹಾಕ್ರಿ.’ ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲಿರುವ ಊರುಗಳು. ಮೂರೂ ಕಡೆ ಈ ಮಾತು ಕೇಳಿದ್ದೇನೆ. ಗುಜರಿಗೆ ಹಾಕುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಒಳಗೆ ಏನಾಗಿದೆ ಎಂದು ಒಮ್ಮೆಯೂ ಬಿಚ್ಚಿ ನೋಡದೆ ಗುಜರಿಗೆ ಹಾಕುವುದು ಮಾತ್ರ ಸರಿಯಲ್ಲ. ಡಿಪ್ಲೊಮಾ, ಐಟಿಐ, ಎಂಜಿನಿಯರಿಂಗ್ ಓದಿ ನೇಮಕಾತಿ ಅಧಿಸೂಚನೆಗೆ ಕಾಯುತ್ತಿರುವ ನನ್ನಂಥವರು ಒಮ್ಮೆಯಾದರೂ ಒಂದು ಹಳೆ ಗಾಡಿಯ ಜಂಗು ತೆಗೆಯಬೇಕು ಎಂಬುದು ನನ್ನ ವಾದ.

ನನ್ನ ಕೈಗೆ ಸಿಕ್ಕಿದ್ದು ಮಸ್ಕಿಯ ನಮ್ಮ ಸೋದರಮಾವನ 1999ರ ಮಾರುತಿ 800. ನಾಲ್ಕು ವರ್ಷದಿಂದ ಬೇವಿನ ಮರದ ಕೆಳಗೆ ನಿಂತಿತ್ತು. ಎಂಜಿನ್ ಚೆನ್ನಾಗಿತ್ತು, ಬಾಡಿ ಹೋಗಿತ್ತು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಪರೀಕ್ಷೆಗೆ ಓದುತ್ತ ಕೂತಿದ್ದ ನನಗೆ ಮಾವ, ‘ನಿನ್ನ ವಿದ್ಯಾ ಇದರ ಮ್ಯಾಲೆ ತೋರ್ಸು ನೋಡೂಣು’ ಅಂದರು. ಬೆಳಿಗ್ಗೆ ಓದು, ಸಂಜೆ ಕಾರು. ಹೀಗೆ ಎರಡೂವರೆ ತಿಂಗಳು ನಡೆಯಿತು.

ಮಾರುತಿ 800 ನಮ್ಮ ದೇಶದ ಮಧ್ಯಮ ವರ್ಗಕ್ಕೆ ಕಾರಿನ ಕನಸು ಕೊಟ್ಟ ಗಾಡಿ. 1983ರ ಡಿಸೆಂಬರ್ 14ರಂದು ಅದರ ಮೊದಲ ಕೀಲಿಯನ್ನು ಆಗಿನ ಪ್ರಧಾನಿ ಇಂದಿರಾ ಗಾಂಧಿ ದೆಹಲಿಯ ಹರ್ಪಾಲ್ ಸಿಂಗ್ ಅವರಿಗೆ ಕೊಟ್ಟರು. 2014ರಲ್ಲಿ ತಯಾರಿಕೆ ನಿಂತಿತು. ಆ ಮೊದಲ ಕಾರಿನ ಕತೆ ಅನೇಕರಿಗೆ ಗೊತ್ತಿಲ್ಲ. 2010ರಲ್ಲಿ ಹರ್ಪಾಲ್ ಸಿಂಗ್ ತೀರಿಕೊಂಡ ಮೇಲೆ ಅದು ಮನೆ ಹೊರಗೆ ಬಿಸಿಲು ಮಳೆಗೆ ನಿಂತು ತುಕ್ಕು ಹಿಡಿಯಿತು. ಕೊನೆಗೆ ಕಂಪನಿಯೇ ಅದನ್ನು ದುರಸ್ತಿ ಮಾಡಿಸಿ ತನ್ನ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತು. ದೇಶದ ಇತಿಹಾಸದಲ್ಲಿ ಹೆಸರು ಮಾಡಿದ ಕಾರಿಗೇ ಜಂಗು ಬಿಡಲಿಲ್ಲ ಅಂದಮೇಲೆ ಮಾವನ ಕಾರು ಯಾವ ಲೆಕ್ಕ?

ರಾಯಚೂರು ಜಿಲ್ಲೆಯಂಥ ಬಿಸಿಲು ನಾಡಿನಲ್ಲಿ ಕಾರಿಗೆ ಹೇಗೆ ಜಂಗು ಹಿಡಿಯುತ್ತದೆ ಎಂದು ಕೇಳುವವರಿದ್ದಾರೆ. ಕಬ್ಬಿಣಕ್ಕೆ ಜಂಗು ಹಿಡಿಯಲು ನೀರು ಮತ್ತು ಗಾಳಿಯಲ್ಲಿನ ಆಮ್ಲಜನಕ ಎರಡೂ ಬೇಕು. ಉಪ್ಪಿನ ಅಂಶ ಸೇರಿದರೆ ಕೆಲಸ ಇನ್ನೂ ಬೇಗ ಆಗುತ್ತದೆ. ನಮ್ಮಲ್ಲಿ ಮೂರೂ ಇವೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗೆ ಹೋಗಿಬಂದ ಕಾರಿನ ಅಡಿಗೆ ಹಸಿ ಕೆಸರು ಮೆತ್ತಿರುತ್ತದೆ. ಡಿಕ್ಕಿಯಲ್ಲಿ ಯೂರಿಯಾ, ಪೊಟ್ಯಾಶ್ ಚೀಲ ಹೇರಿದಾಗ ಉದುರಿದ ಕಾಳು ಮೂಲೆಯಲ್ಲೇ ಉಳಿಯುತ್ತದೆ. ತೊಳೆಯುವುದು ಉಪ್ಪುಪ್ಪಾದ ಬೋರಿನ ನೀರಲ್ಲಿ. ಮೇಲೆ ನಲವತ್ತು ಡಿಗ್ರಿ ಬಿಸಿಲಿದ್ದರೂ ಮ್ಯಾಟ್ ಕೆಳಗಿನ ಬಟ್ಟೆಯ ಪದರ ತಿಂಗಳುಗಟ್ಟಲೆ ತೇವ ಹಿಡಿದುಕೊಂಡಿರುತ್ತದೆ. ಬೇವಿನ ಎಲೆ ಮುಂಗಾಜಿನ ಕೆಳಗಿನ ಸಂದಿಯಲ್ಲಿ ಕೊಳೆತು ಗೊಬ್ಬರವಾಗುತ್ತದೆ. ಬಾಗಿಲಿನ ಅಡಿಯಲ್ಲಿ ನೀರು ಇಳಿದುಹೋಗಲೆಂದು ಇಟ್ಟ ಸಣ್ಣ ತೂತುಗಳು ಮಣ್ಣಿನಿಂದ ಮುಚ್ಚಿರುತ್ತವೆ. ಮಳೆಗಾಲದಲ್ಲಿ ಬಾಗಿಲು ತೆಗೆದು ಹಾಕಿದಾಗ ಒಳಗೆ ನೀರು ಕುಲುಕಿದ ಸದ್ದು ಕೇಳಿದರೆ ಕಾರಣ ಅದೇ. ಒಂದು ಸೈಕಲ್ ಕಡ್ಡಿ ತೂರಿಸಿದರೆ ತೂತು ತೆರೆದುಕೊಳ್ಳುತ್ತದೆ. ಖರ್ಚು ಸೊನ್ನೆ.

ಜಂಗಿನ ಇನ್ನೊಂದು ಗುಣ ಗೊತ್ತಿರಬೇಕು. ಅದು ಕಬ್ಬಿಣಕ್ಕಿಂತ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಹಾಗಾಗಿ ಬಣ್ಣವನ್ನು ಒಳಗಿನಿಂದ ಎತ್ತುತ್ತದೆ. ಹೊರಗೆ ಕಾಣುವ ಸಣ್ಣ ಗುಳ್ಳೆಯ ಹಿಂದೆ ಅಂಗೈ ಅಗಲ ಹಾಳಾಗಿರಬಹುದು. ಅಲ್ಯೂಮಿನಿಯಂ ಮೇಲೆ ಬರುವ ಪದರ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ಜಂಗು ಪುಡಿಯಾಗಿ ಉದುರುತ್ತದೆ, ಉದುರಿದ ಕಡೆ ಮತ್ತೆ ಹೊಸದಾಗಿ ಶುರುವಾಗುತ್ತದೆ. ಅದಕ್ಕೇ ‘ಇರಲಿ ಬಿಡು, ಮುಂದಿನ ವರ್ಷ ನೋಡೋಣ’ ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಈಗ ಕೆಲಸದ ಮಾತು. ಮೊದಲು ಬ್ಯಾಟರಿ ವೈರು ಬಿಚ್ಚಿ, ಸೀಟು, ಮ್ಯಾಟು ಎಲ್ಲ ಹೊರಗೆ ತೆಗೆದೆವು. ಸ್ಕ್ರೂಡ್ರೈವರ್ ಹಿಡಿಯಿಂದ ತಗಡನ್ನು ಅಂಗುಲ ಅಂಗುಲ ತಟ್ಟಿ ನೋಡಿದೆವು. ಗಟ್ಟಿ ತಗಡು ಟಣ್ ಅನ್ನುತ್ತದೆ, ಹೋದ ತಗಡು ಬದ್ ಅನ್ನುತ್ತದೆ. ಹೋದದ್ದಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿದೆವು. ಮೇಲ್ಮೈ ಜಂಗನ್ನು ತಂತಿ ಬ್ರಷ್ಷು ಮತ್ತು 80 ನಂಬರಿನ ಉಜ್ಜು ಕಾಗದದಿಂದ ಬೆಳ್ಳಗೆ ಕಬ್ಬಿಣ ಕಾಣುವವರೆಗೆ ಉಜ್ಜಬೇಕು. ಸಣ್ಣ ಕುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲ ಇರುವ ರಸ್ಟ್ ಕನ್ವರ್ಟರ್ ಹಚ್ಚಬೇಕು. ಅದು ಜಂಗನ್ನು ಗಟ್ಟಿಯಾದ ಕಪ್ಪು ಪದರವಾಗಿ ಬದಲಿಸುತ್ತದೆ. ಕೈಗವಸು, ಕನ್ನಡಕ, ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಉಜ್ಜಿದ ಕಬ್ಬಿಣವನ್ನು ರಾತ್ರಿ ಹಾಗೇ ಬಿಡಬಾರದು. ಅದೇ ದಿನ ಪ್ರೈಮರ್ ಬೀಳಬೇಕು. ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ಗ್ರಿಲ್ಲಿಗೆ ಸಾಕು. ಕಾರಿನ ಅಡಿಭಾಗಕ್ಕೆ ಎಪಾಕ್ಸಿ ಪ್ರೈಮರ್ ಹೆಚ್ಚು ಬಾಳುತ್ತದೆ.

ತೂತು ಬಿದ್ದ ಕಡೆ ಮನೆಯಲ್ಲಿ ಮಾಡುವಂಥದ್ದಲ್ಲ. ಹಾಳಾದ ತಗಡನ್ನು ಕತ್ತರಿಸಿ ತೆಗೆದು ಹೊಸ ತುಂಡು ಬೆಸುಗೆ ಹಾಕಬೇಕು. ಅದಕ್ಕೆ ಸಿಂಧನೂರಿನ ಒಬ್ಬ ಹಿರಿಯ ಟಿಂಕರ್ ಚಾಚಾ ಅವರ ಕಡೆ ಹೋದೆ. ತಟ್ಟಿ ನೋಡಿ ಗುರುತು ಹಾಕಿದ್ದನ್ನು ಕಂಡು ಅವರಿಗೆ ಖುಷಿಯಾಯಿತು. ‘ಬಣ್ಣ ಯಾರ್ ಬೇಕಾದ್ರೂ ಹೊಡೀತಾರ ತಮ್ಮಾ, ಒಳಗ ಏನೈತಿ ಅಂತ ನೋಡೋರು ಕಮ್ಮಿ’ ಎಂದರು. ಎರಡು ದಿನ ಅವರ ಜೊತೆ ನಿಂತು ಕಲಿತದ್ದು ನನಗೆ ಮೂರು ವರ್ಷದ ಡಿಪ್ಲೊಮಾದಲ್ಲಿ ಸಿಕ್ಕಿರಲಿಲ್ಲ. ತೆಳು ತಗಡಿಗೆ ಒಂದೇ ಕಡೆ ಬೆಸುಗೆ ಎಳೆದರೆ ಕಾವಿಗೆ ಸೊಟ್ಟಗಾಗುತ್ತದೆ. ಅಲ್ಲೊಂದು ಇಲ್ಲೊಂದು ಚುಕ್ಕಿ ಇಟ್ಟು, ಆರಿದ ಮೇಲೆ ನಡುವೆ ತುಂಬಬೇಕು. ಜಿಐ ತಗಡು ಅಗ್ಗ ಎಂದು ಹಾಕಿದರೆ ಬೆಸುಗೆ ಹಾಕುವಾಗ ಅದರ ಸತುವಿನ ಹೊಗೆ ಕುಡಿದು ಜ್ವರ ಬರುತ್ತದೆ. ಪೆಟ್ರೋಲ್ ಟ್ಯಾಂಕು ಬಿಚ್ಚದೆ ಹಿಂಭಾಗಕ್ಕೆ ಬೆಂಕಿ ತೋರಿಸಬಾರದು. ಇದೆಲ್ಲ ಅವರು ಬಾಯಿಪಾಠ ಮಾಡಿದ್ದಲ್ಲ, ನಲವತ್ತು ವರ್ಷ ಕೈ ಸುಟ್ಟುಕೊಂಡು ಗಳಿಸಿದ್ದು.

ಒಟ್ಟು ಖರ್ಚು, ಚಾಚಾ ಅವರ ಕೂಲಿ ಸೇರಿ, ಹತ್ತೊಂಬತ್ತು ಸಾವಿರ ರೂಪಾಯಿ. ‘ಇಷ್ಟು ಹಾಕಿ ಏನು ಬಂತು?’ ಎಂದು ಕೇಳುವವರಿಗೆ ಎರಡು ಉತ್ತರಗಳಿವೆ.

ಒಂದು, ಮೋಸ ಹೋಗದಿರುವ ಕಣ್ಣು ಬಂತು. ನಮ್ಮ ಕಡೆ ಮೊದಲ ಕಾರು ಕೊಳ್ಳುವ ಬಹುತೇಕ ಮನೆಗಳು ಕೊಳ್ಳುವುದು ಸೆಕೆಂಡ್ ಹ್ಯಾಂಡ್. ಜಂಗಿನ ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಮಿರಮಿರ ಬಣ್ಣ ಹೊಡೆದು ಮಾರುವುದು ಈ ವ್ಯಾಪಾರದಲ್ಲಿ ಹೊಸದಲ್ಲ. ಪುಟ್ಟಿ ತೇವ ಹೀರುತ್ತದೆ. ಕೆಳಗಿನ ಜಂಗು ಬೆಳೆಯುತ್ತಲೇ ಇರುತ್ತದೆ. ಎರಡನೇ ಮಳೆಗಾಲಕ್ಕೆ ಗುಳ್ಳೆ ಏಳುತ್ತವೆ. ಅಡಿಗೆ ದಪ್ಪಗೆ ಕಪ್ಪು ಕೋಟಿಂಗ್ ಬಳಿದಿದ್ದರೂ ಅಷ್ಟೇ, ಹಳೆ ಜಂಗಿನ ಮೇಲೆ ಬಳಿದರೆ ತೇವವನ್ನು ಒಳಗೇ ಕೂಡಿಟ್ಟಂತೆ. ನಮ್ಮ ಗೆಳೆಯನೊಬ್ಬನ ಅಪ್ಪ ಹತ್ತಿ ಮಾರಿದ ದುಡ್ಡಿನಲ್ಲಿ ತಂದ ಕಾರಿನ ನೆಲ ಹೀಗೇ ಒಂದೇ ವರ್ಷಕ್ಕೆ ತೂತಾಯಿತು. ಕಾರು ಕೊಳ್ಳಲು ಹೋಗುವಾಗ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. ಬಾಗಿಲಿನ ಕೆಳಗೆ, ಚಕ್ರದ ಕಮಾನಿನ ಸುತ್ತ ಇಟ್ಟು ನೋಡಿ. ದಪ್ಪ ಪುಟ್ಟಿ ಇರುವ ಕಡೆ ಅದು ಹಿಡಿಯುವುದಿಲ್ಲ.

ಎರಡನೆಯದು ಕೆಲಸದ ಪ್ರಶ್ನೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಾರೆ. ಚಿನ್ನಕ್ಕೆ ಜಂಗು ಹಿಡಿಯುವುದಿಲ್ಲ. ಆದರೆ ನಮ್ಮ ಭಾಗದ ಜೀವನ ನಿಂತಿರುವುದು ಕಬ್ಬಿಣದ ಮೇಲೆ: ಟ್ರ್ಯಾಕ್ಟರ್, ಟ್ರಾಲಿ, ಭತ್ತ ಕೊಯ್ಯುವ ಯಂತ್ರ, ಗದ್ದೆಯ ಕೆಸರಿಗಿಳಿಯುವ ಕೇಜ್ ವೀಲ್, ರೈಸ್ ಮಿಲ್ಲು, ಕಾಲುವೆಯ ಗೇಟು. 2024ರ ಆಗಸ್ಟ್ 10ರ ರಾತ್ರಿಯನ್ನು ಸಿಂಧನೂರಿನ ಯಾವ ರೈತನೂ ಮರೆತಿಲ್ಲ. ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ಹತ್ತಾರು ಟಿಎಂಸಿ ನೀರು ನದಿಗೆ ಹರಿಯಿತು. ನಿವೃತ್ತ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ಆ ವಾರ ನಮ್ಮ ಬೆಳೆಯನ್ನು ಉಳಿಸಿದ್ದು ತಗಡು ಕತ್ತರಿಸುವ, ಬೆಸುಗೆ ಹಾಕುವ, ಎತ್ತಿ ಕೂರಿಸುವ ಕೈಗಳು. ಹಳೆ ಕಬ್ಬಿಣವನ್ನು ನೋಡಿ ಅದರ ಸ್ಥಿತಿ ಹೇಳಬಲ್ಲವರು ಎಷ್ಟು ಬೇಕು ಎಂಬುದು ಆಗ ಎಲ್ಲರಿಗೂ ಅರ್ಥವಾಯಿತು. ಆದರೆ ಆಮೇಲೆ ಎಷ್ಟು ಮನೆಗಳಲ್ಲಿ ಮಗನಿಗೆ ‘ವೆಲ್ಡಿಂಗ್ ಕಲಿ’ ಎಂದರು?

ನಮ್ಮಲ್ಲಿ ಕೈಕೆಲಸಕ್ಕೆ ಮರ್ಯಾದೆ ಕಡಿಮೆ. ಕಾರಿನ ಕೆಳಗೆ ಮಲಗಿದ್ದ ನನ್ನನ್ನು ನೋಡಿ ಪಕ್ಕದ ಮನೆಯ ಅಜ್ಜಿ, ‘ಇಷ್ಟು ಓದಿ ಗ್ಯಾರೇಜ್ ಹುಡುಗ ಆದ್ಯಲ್ಲೋ’ ಎಂದು ಮರುಗಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಚಾಚಾ ಅವರ ಗ್ಯಾರೇಜಿನಲ್ಲಿ ಗಾಡಿಗಳ ಸಾಲು ನಿಂತಿರುತ್ತದೆ, ಕಲಿಯಲು ಹುಡುಗರು ಇಲ್ಲ. ಅವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಇನ್ನು ಹತ್ತು ವರ್ಷಕ್ಕೆ ಆ ವಿದ್ಯೆ ಯಾರ ಕೈಯಲ್ಲಿರುತ್ತದೆ? ಸರ್ಕಾರಿ ನೌಕರಿಗೆ ಓದಬೇಡಿ ಎನ್ನುವುದಿಲ್ಲ, ನಾನೂ ಓದುತ್ತಿದ್ದೇನೆ. ಓದುವ ಜೊತೆಗೆ ಸಂಜೆಯ ಎರಡು ತಾಸು ಕೈಗೆ ಒಂದು ಕಸುಬು ಕೊಟ್ಟರೆ ಕಾಯುವ ವರ್ಷಗಳು ಖಾಲಿ ಹೋಗುವುದಿಲ್ಲ.

ಎಲ್ಲ ಹಳೆ ಕಾರುಗಳನ್ನೂ ಉಳಿಸಿ ಎನ್ನುವ ಭಾವುಕತೆ ನನಗಿಲ್ಲ. ಮಾರುತಿ 800ಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಷನ್ ಕೂರುವ ಜಾಗ, ಸೀಟ್ ಬೆಲ್ಟ್ ಬಿಗಿಯುವ ಜಾಗ ಇವೆಲ್ಲ ಕೊಳೆತು ಹೋಗಿದ್ದರೆ ಅದು ಗುಜರಿಗೇ ಹೋಗಬೇಕು. ಅಂಥದ್ದಕ್ಕೆ ಬಣ್ಣ ಹೊಡೆದು ರಸ್ತೆಗೆ ಬಿಡುವುದು ಜೀವದ ಜೊತೆ ಆಟ. ಹಳೆ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಹೊಗೆ ಹೊಸದಕ್ಕಿಂತ ಹೆಚ್ಚು. ಇದನ್ನು ಒಪ್ಪಿಕೊಂಡೇ ಮಾತಾಡಬೇಕು.

ಆದರೆ ಗಾಡಿ ಇರಬೇಕೋ ಬೇಡವೋ ಎಂಬುದನ್ನು ಅದರ ವಯಸ್ಸು ನಿರ್ಧರಿಸಬೇಕೋ, ಸ್ಥಿತಿಯೋ? ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು. 2025ರಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಅದೇ 50 ವರ್ಷ ದಾಟಿದರೆ 2021ರ ವಿಂಟೇಜ್ ನಿಯಮದಡಿ ‘ವಿಎ’ ಸರಣಿಯ ವಿಶೇಷ ನಂಬರ್ ಸಿಗುತ್ತದೆ. ಧರ್ಮಸ್ಥಳದ ಕಾರು ಸಂಗ್ರಹಾಲಯ ನೋಡಿದವರಿಗೆ ಅಂಥ ಗಾಡಿಗಳ ಬೆಲೆ ಗೊತ್ತು. ಆದರೆ 50 ತುಂಬಬೇಕಾದರೆ ಮೊದಲು 25, 30 ದಾಟಬೇಕಲ್ಲ? ಚೆನ್ನಾಗಿ ನೋಡಿಕೊಂಡ ಕಾರಿಗೂ, ಪುಟ್ಟಿಯ ಮೇಲೆ ನಿಂತ ಕಾರಿಗೂ ಒಂದೇ ಶುಲ್ಕ ಎಂದಾದರೆ ನೋಡಿಕೊಳ್ಳುವ ಉತ್ಸಾಹ ಯಾರಿಗೆ ಇರುತ್ತದೆ? ಬ್ರೇಕು, ಹೊಗೆ, ಅಡಿಭಾಗದ ಜಂಗು ಮೂರನ್ನೂ ಬಿಗಿಯಾಗಿ ತಪಾಸಣೆ ಮಾಡಲಿ. ಪಾಸಾದವರಿಗೆ ಶುಲ್ಕ ಇಳಿಸಲಿ, ಫೇಲಾದದ್ದನ್ನು ಮುಲಾಜಿಲ್ಲದೆ ಗುಜರಿಗೆ ಕಳಿಸಲಿ.

ನಮ್ಮ ಭಾಗದ ಐಟಿಐ, ಪಾಲಿಟೆಕ್ನಿಕ್‌ಗಳಿಗೂ ಒಂದು ಮನವಿ. ಪ್ರತಿ ಕಾಲೇಜು ವರ್ಷಕ್ಕೊಂದು ಹಳೆ ಕಾರನ್ನೋ ಟ್ರಾಲಿಯನ್ನೋ ಗುಜರಿ ಬೆಲೆಗೆ ತಂದು ವಿದ್ಯಾರ್ಥಿಗಳ ಮುಂದೆ ಇಡಲಿ. ಚಾಚಾ ಅವರಂಥ ಮಿಸ್ತ್ರಿಗಳನ್ನು ವಾರಕ್ಕೊಂದು ದಿನ ಅತಿಥಿ ಉಪನ್ಯಾಸಕರಂತೆ ಕರೆಸಿ ಗೌರವಧನ ಕೊಡಲಿ. ಪ್ರಾಜೆಕ್ಟ್ ವರದಿಯನ್ನು ಜೆರಾಕ್ಸ್ ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ ಒಂದು ಬಾಗಿಲಿನ ಜಂಗು ತೆಗೆದವನಿಗೆ ಹೆಚ್ಚು ಅಂಕ ಸಿಗಲಿ.

ಮಾವನ ಕಾರು ಈಗ ಮಸ್ಕಿಯಿಂದ ಲಿಂಗಸುಗೂರಿಗೆ ವಾರಕ್ಕೊಮ್ಮೆ ಹೋಗಿಬರುತ್ತದೆ. ಬಣ್ಣ ಅಲ್ಲಲ್ಲಿ ಹೊಂದಿಕೆಯಾಗಿಲ್ಲ, ಆದರೆ ನೆಲ ಗಟ್ಟಿಯಾಗಿದೆ. ನಿಮ್ಮ ಮನೆಯಲ್ಲೂ ಒಂದು ಹಳೆ ಕಾರೋ, ಆಟೊವೋ, ಟ್ರ್ಯಾಕ್ಟರೋ ಇರಬಹುದು. ಬರುವ ಭಾನುವಾರ ಅದರ ಮ್ಯಾಟ್ ಎತ್ತಿ, ಬಾಗಿಲ ತೂತು ಬಿಡಿಸಿ, ತಗಡು ತಟ್ಟಿ ನೋಡಿ. ಟಣ್ ಅಂದರೆ ಒಳ್ಳೆಯದು. ಬದ್ ಅಂದರೆ ಮಳೆಗಾಲ ಬರುವುದರೊಳಗೆ ಕೆಲಸ ಶುರು ಮಾಡಿ.