ನನ್ನ ನಂತರ ಇವನಿಗೆ ಯಾರು?

ಸಾತನೂರಿನ ನನ್ನ ಕ್ಲಿನಿಕ್‌ಗೆ ಪ್ರತಿ ತಿಂಗಳು ಒಬ್ಬ ತಾಯಿ ಬರುತ್ತಾರೆ. ವಯಸ್ಸು ಅರವತ್ತು ದಾಟಿದೆ. ರಕ್ತದೊತ್ತಡ, ಮಂಡಿನೋವು ಇವೆ. ಜೊತೆಗೆ ಬರುವ ಮಗನಿಗೆ ಮೂವತ್ತು ದಾಟಿದೆ. ಅವನಿಗೆ ಡೌನ್ ಸಿಂಡ್ರೋಮ್. ರೇಷ್ಮೆ ಹುಳುವಿಗೆ ಸೊಪ್ಪು ಹಾಕುವುದರಲ್ಲಿ ಅವನು ಅಚ್ಚುಕಟ್ಟು. ಚೀಟಿ ಹಿಡಿದು ಏಳುವಾಗ ಆಕೆ ಕೇಳುವುದು ಒಂದೇ ಪ್ರಶ್ನೆ: “ನಾನು ಕಣ್ಣು ಮುಚ್ಚಿದ ಮೇಲೆ ಇವನ್ನ ಯಾರು ನೋಡ್ಕೋತಾರೆ ಡಾಕ್ಟ್ರೇ?”

ಹಿಂದೆ ಇಂಥ ಮಕ್ಕಳಲ್ಲಿ ಬಹಳಷ್ಟು ಮಂದಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಳ್ಳುತ್ತಿದ್ದರು. ಈಗ ಒಳ್ಳೆಯ ಚಿಕಿತ್ಸೆ ಸಿಕ್ಕರೆ ಐವತ್ತು, ಅರವತ್ತು ವರ್ಷ ಬಾಳುತ್ತಾರೆ. ಸಂತೋಷವೇ. ಆದರೆ ತಂದೆತಾಯಿ ಹೋದ ಮೇಲೂ ಅವರ ಬದುಕು ಉಳಿದಿರುತ್ತದೆ. ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿರುವ ಅಣ್ಣನ ಮೇಲೆ ಎಲ್ಲವನ್ನೂ ಹೊರಿಸುವುದು ನ್ಯಾಯವಲ್ಲ.

ಇದಕ್ಕೊಂದು ದಾರಿ ಗ್ರೂಪ್ ಹೋಮ್. ಐದಾರು ಮಂದಿ, ನೋಡಿಕೊಳ್ಳುವವರ ಜೊತೆ ಒಂದು ಮನೆಯವರಂತೆ ವಾಸಿಸುವ ಏರ್ಪಾಡು. ಪಾಲಕರ ಒತ್ತಾಯದಿಂದ 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಉಳ್ಳವರಿಗೆ ಇದು ಅನ್ವಯ. ಇದರಡಿ ವಸತಿ ಯೋಜನೆಯಿದೆ. ‘ನಿರಾಮಯ’ ಎಂಬ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ. ಹದಿನೆಂಟು ತುಂಬಿದವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವ ಸಮಿತಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುತ್ತದೆ.

ಆದರೆ ಯಾವುದೋ ಒಂದು ಆಶ್ರಮ ಸಿಕ್ಕರೆ ಸಾಕೆನ್ನಬೇಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಸರಪಳಿ ಹಾಕಿಸಿಕೊಂಡಿದ್ದ 28 ಮಂದಿ ಬೆಂಕಿಗೆ ಬಲಿಯಾದರು. ಅವರು ಮನೋರೋಗಿಗಳು, ಕಾಯಿಲೆ ಬೇರೆ. ಆದರೂ ಕೇಳುವವರಿಲ್ಲದ ಕಡೆ ಏನಾಗಬಹುದೆಂಬ ಪಾಠ ಎಲ್ಲರಿಗೂ ಒಂದೇ.

ಮನೆ ನೋಡಲು ಹೋದಾಗ ಹೇಳದೆ ಹೋಗಿ, ಊಟದ ಹೊತ್ತಿಗೆ ಹೋಗಿ. ಹೊರಗಿನಿಂದ ಬೀಗ ಹಾಕಿರುತ್ತಾರೆಯೇ? ರಾತ್ರಿ ಯಾರಿರುತ್ತಾರೆ? ಫಿಟ್ಸ್ ಮಾತ್ರೆ ಕೊಟ್ಟದ್ದನ್ನು ದಿನದಿನವೂ ಬರೆದಿಡುತ್ತಾರೆಯೇ? ಅದು ಒಂದೆರಡು ದಿನ ತಪ್ಪಿದರೂ ಅಪಾಯ. ಡೌನ್ ಸಿಂಡ್ರೋಮ್ ಇದ್ದವರಿಗೆ ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆ ಬೇಕು. ಹಲ್ಲು, ಕಣ್ಣು, ಕಿವಿ, ತೂಕ ನೋಡಿಸಬೇಕು. ಹೆಣ್ಣುಮಕ್ಕಳಿಗೆ ಹೆಂಗಸರೇ ಆರೈಕೆ ಮಾಡುತ್ತಾರೆಯೇ? ದಿನವಿಡೀ ಟಿ.ವಿ. ಮುಂದೆ ಕೂರಿಸುತ್ತಾರೋ, ಕೈಗೊಂದು ಕೆಲಸ ಕೊಡುತ್ತಾರೋ? ಬೇಕೆಂದಾಗ ಮನೆಯವರು ಬರಲು ಬಿಡದ ಜಾಗಕ್ಕೆ ಸೇರಿಸಲೇಬೇಡಿ.

ಇಂಥ ಮನೆ ದೂರದ ನಗರದಲ್ಲಲ್ಲ, ಕನಕಪುರದಂಥ ತಾಲ್ಲೂಕು ಕೇಂದ್ರದಲ್ಲಿ ಇರಬೇಕೆಂಬುದು ನನ್ನ ಅಭಿಪ್ರಾಯ. ಹತ್ತಿರವಿದ್ದರೆ ಬಂಧುಗಳು ವಾರಕ್ಕೊಮ್ಮೆ ಹೋಗಿ ಬಂದಾರು. ಹೋಗಿ ಬರುವವರಿದ್ದ ಕಡೆ ಆರೈಕೆಯೂ ಕೆಡುವುದಿಲ್ಲ. ಒಬ್ಬ ತಾಯಿ ಅರ್ಜಿ ಕೊಟ್ಟರೆ ಕಚೇರಿಯ ಕಡತದಲ್ಲಿ ಉಳಿದೀತು. ಹತ್ತು ಕುಟುಂಬ ಒಟ್ಟಾಗಿ ಜಿಲ್ಲಾಧಿಕಾರಿಗಳ ಬಳಿ, ಶಾಸಕರ ಬಳಿ ಹೋದರೆ ಉತ್ತರ ಕೊಡಲೇಬೇಕಾಗುತ್ತದೆ.

ಮೊದಲು ಯು.ಡಿ.ಐ.ಡಿ. ಕಾರ್ಡ್ ಮಾಡಿಸಿ. ಮಗನನ್ನೋ ಮಗಳನ್ನೋ ವರ್ಷಕ್ಕೆ ಕೆಲವು ದಿನ ಬಂಧುಗಳ ಮನೆಯಲ್ಲಿ ಬಿಟ್ಟು ರೂಢಿ ಮಾಡಿಸಿ. ನಿಮ್ಮ ಕೈಕಾಲು ಗಟ್ಟಿಯಿರುವಾಗಲೇ ಇದೆಲ್ಲ ಆಗಲಿ. ಆ ತಾಯಿಗೂ ಈ ತಿಂಗಳು ಇದನ್ನೇ ಹೇಳಿದೆ. ಪಕ್ಕದ ಹಳ್ಳಿಯಲ್ಲಿ ಇಂಥದೇ ಮಗಳಿರುವ ಇನ್ನೊಬ್ಬ ತಾಯಿಯನ್ನು ಕಂಡು ಮಾತಾಡುವುದಾಗಿ ಒಪ್ಪಿದ್ದಾರೆ.