ವೆನಿಲಾ ಮತ್ತು 'ದುರಾಸೆ' ಎಂಬ ಸುಲಭದ ಉತ್ತರ

ಪುತ್ತೂರು, ಸುಳ್ಯ, ಕಡಬದ ಕಡೆ ವೆನಿಲಾದ ಮಾತೆತ್ತಿದರೆ ಇಂದಿಗೂ ಒಂದು ನಗು ಬರುತ್ತದೆ. ನಗುವಿನ ಬೆನ್ನಿಗೇ ತೀರ್ಪು: "ದುರಾಸೆ ಮಾರಾಯ್ರೆ." ಸಂಶೋಧನೆಗೆಂದು ಸಟ್ಟಾ ಗುಳ್ಳೆಗಳ ಬಗ್ಗೆ ಓದುತ್ತಿರುವ ನನಗೆ ಪುಸ್ತಕಗಳಲ್ಲೂ ಹೆಚ್ಚುಕಡಿಮೆ ಇದೇ ತೀರ್ಪು ಸಿಗುತ್ತದೆ. ಅಲ್ಲಿ ಹೆಸರು ಮಾತ್ರ ದೊಡ್ಡದು: ಮಂದೆಯ ಮನಸ್ಸು. ಎರಡನ್ನೂ ನಾನು ಒಪ್ಪುವುದಿಲ್ಲ.

ನಡೆದದ್ದನ್ನು ನೋಡಿ. 2000ದ ಏಪ್ರಿಲ್‌ನಲ್ಲಿ ಹುಡಾ ಚಂಡಮಾರುತ ಮಡಗಾಸ್ಕರ್‌ನ ವೆನಿಲಾ ತೋಟಗಳನ್ನು ಮಲಗಿಸಿತು. ಜಗತ್ತಿನ ವೆನಿಲಾದ ದೊಡ್ಡ ಪಾಲು ಬರುವುದೇ ಅಲ್ಲಿಂದ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮಲ್ಲಿ ಅಡಿಕೆ ಧಾರಣೆ ನೆಲ ಕಚ್ಚಿತು. 2003ರ ವೇಳೆಗೆ ಹಸಿ ವೆನಿಲಾ ಕೋಡಿಗೆ ಕಿಲೋಗೆ 3,000 ರೂಪಾಯಿ. ಅಡಿಕೆಯಲ್ಲಿ ಸೊಸೈಟಿ ಸಾಲದ ಬಡ್ಡಿಯೂ ಹುಟ್ಟದವನು, ಪಕ್ಕದ ತೋಟದವ ಗ್ಲಿರಿಸಿಡಿಯಾಕ್ಕೆ ಬಳ್ಳಿ ಹಬ್ಬಿಸಿ, ಬೆಳಿಗ್ಗೆ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸಿ, ರಾತ್ರಿ ಕಾವಲು ಕೂತು ಹಣ ಮಾಡಿದ್ದನ್ನು ಕಣ್ಣಾರೆ ಕಂಡ. ತಾನೂ ನೆಟ್ಟ. ಸ್ಪೈಸಸ್ ಬೋರ್ಡೇ ನೆಡಿ ಎನ್ನುತ್ತಿದ್ದ ಕಾಲ ಅದು. ಇದರಲ್ಲಿ ಹುಚ್ಚು ಯಾವುದು? ಇದು ಆಸೆಗಿಂತ ಹೆಚ್ಚಾಗಿ ಹೆದರಿಕೆ.

ನನ್ನ ಪ್ರಕಾರ ನಿಜವಾದ ಗುಳ್ಳೆ ಇದ್ದದ್ದು ಬಳ್ಳಿಯ ತುಂಡಿನಲ್ಲಿ. ಕೋಡಿನ ಗಿರಾಕಿ ಎಲ್ಲೋ ದೂರದ ಐಸ್‌ಕ್ರೀಮ್ ಕಂಪೆನಿ. ತುಂಡಿನ ಗಿರಾಕಿ ನೆರೆಮನೆಯವ, ಭಾವ, ಮದುವೆ ಚಪ್ಪರದಲ್ಲಿ ಪಕ್ಕದ ಎಲೆಗೆ ಕೂತವ. ಬಳ್ಳಿ ಮಾರುವವನಿಗೆ ಧಾರಣೆ ಏರುತ್ತಲೇ ಇರುತ್ತದೆ ಎಂಬ ಕಥೆಯೇ ಬಂಡವಾಳ. ಅವನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ತನಗೆ ಬಂದ ಹಣದ ಲೆಕ್ಕ ಹೇಳಿದರೆ ಸಾಕಿತ್ತು. ರಾಬರ್ಟ್ ಶಿಲ್ಲರ್ ಗುಳ್ಳೆಯನ್ನು ಸಾಂಕ್ರಾಮಿಕಕ್ಕೆ ಹೋಲಿಸುತ್ತಾರೆ. ಹೋಲಿಕೆ ಚೆನ್ನಾಗಿದೆ, ಆದರೆ ರೋಗ ಹಬ್ಬಿದರೆ ಯಾರಿಗೆ ಲಾಭ ಎಂಬ ಪ್ರಶ್ನೆಯನ್ನು ಅದು ಮರೆಸುತ್ತದೆ.

ನೆಟ್ಟ ಬಳ್ಳಿ ಹೂ ಬಿಡಲು ಮೂರು ವರ್ಷ ಬೇಕು. ಅಷ್ಟರೊಳಗೆ ಕಂಪೆನಿಗಳು ಕೃತಕ ವೆನಿಲಿನ್‌ಗೆ ಹೊರಳಿದವು, ಮಡಗಾಸ್ಕರ್ ಚೇತರಿಸಿಕೊಂಡಿತು, ಹಸಿ ಕೋಡು 100 ರೂಪಾಯಿಗಿಂತ ಕೆಳಗಿಳಿಯಿತು. ಮೊದಲು ನೆಟ್ಟವರು ಕೋಡನ್ನೂ ಮಾರಿದ್ದರು, ಬಳ್ಳಿಯನ್ನೂ ಮಾರಿದ್ದರು. ಕಡೆಗೆ ನೆಟ್ಟವನು, ಅಂದರೆ ಕಾದು ನೋಡಿ ಧೈರ್ಯ ಮಾಡಿದ ಸಣ್ಣ ಹಿಡುವಳಿಯವನು, ದುರಾಸೆಯವನಾದ. ಮೊದಲಿನವರು ಇವತ್ತಿಗೂ 'ಪ್ರಗತಿಪರ ಕೃಷಿಕರು'!

ಮನಸ್ಸೇ ಕಾರಣ ಎನ್ನುವವರು ಕೊಕ್ಕೋದ ಕಥೆಗೂ ಉತ್ತರ ಕೊಡಬೇಕು. ಅದನ್ನೂ ನಮ್ಮವರು ಒಬ್ಬರನ್ನೊಬ್ಬರು ನೋಡಿಯೇ ನೆಟ್ಟದ್ದು. 1980ರ ಸುಮಾರಿಗೆ ಖರೀದಿ ಕುಸಿದಾಗ ಗಿಡ ಕಡಿದವರೂ ಇದ್ದಾರೆ. ಆಗ ಕ್ಯಾಂಪ್ಕೊ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಕಾರ್ಖಾನೆ ಶುರುವಾಯಿತು. ಅದೇ ಜನ, ಅದೇ ಮಂದೆ. ಕೊಕ್ಕೋಕ್ಕೆ ಊರಿನಲ್ಲೇ ಒಬ್ಬ ಗಿರಾಕಿ ಇದ್ದ, ವೆನಿಲಾಕ್ಕೆ ಇರಲಿಲ್ಲ.

ಈಗ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ಅಡಿಕೆ ತೋಟಗಳನ್ನು ತಿನ್ನುತ್ತಿದೆ. ಅಲ್ಲಿನವರು ಮತ್ತೊಂದು ಬೆಳೆ ಹುಡುಕಲೇಬೇಕು, ಹುಡುಕುತ್ತಿದ್ದಾರೆ. ಅವರಿಗೆ ಎಕರೆಗೆ ಇಷ್ಟು ಲಕ್ಷ ಎಂದು ಲೆಕ್ಕ ಕೊಡುವವರಲ್ಲಿ ಗಿಡ ಮಾರುವವರೆಷ್ಟು, ಹಣ್ಣು ಕೊಳ್ಳುವವರೆಷ್ಟು ಎಂದು ತೋಟಗಾರಿಕಾ ಇಲಾಖೆಯಾಗಲಿ ಕೃಷಿ ಮೇಳಗಳಾಗಲಿ ಕೇಳಿದ್ದನ್ನು ನಾನು ಕಂಡಿಲ್ಲ.