ಆನಗೋಡಿಗೆ ಯಾವ ತಂಡ?

ದಾವಣಗೆರೆಯಿಂದ ಚಿತ್ರದುರ್ಗದ ದಿಕ್ಕಿಗೆ ಹೆದ್ದಾರಿ ಹಿಡಿದರೆ ಅರ್ಧ ಗಂಟೆಯೊಳಗೆ ಆನಗೋಡು. ಈ ಊರಿನ ಒಂದು ಮನೆಯಲ್ಲಿ ಮೂರು ತಲೆಮಾರು, ಒಂದೇ ಟಿ.ವಿ. ಐಪಿಎಲ್ ಶುರುವಾಯಿತೆಂದರೆ ಆ ಮನೆಯಲ್ಲಿ ಧಾರಾವಾಹಿಗೂ ಸುದ್ದಿಗೂ ಎರಡು ತಿಂಗಳು ರಜೆ. ಅಜ್ಜನಿಗೆ ಯಾವ ತಂಡವೂ ಬೇಡ, ರಣಜಿಯೊಂದೇ ಕ್ರಿಕೆಟ್ಟು. ಅಪ್ಪನಿಗೆ ತಂಡಕ್ಕಿಂತ ಆಟಗಾರ ಮುಖ್ಯ. ಹತ್ತನೆಯ ತರಗತಿಗೆ ಕಾಲಿಟ್ಟ ಮಗ ಏಳನೆಯ ನಂಬರಿನ ಹಳದಿ ಅಂಗಿ ತೊಟ್ಟು ಚೆನ್ನೈ ಪರ ಕೂಗುತ್ತಾನೆ. ಒಂಬತ್ತು ವರ್ಷದ ಮಗಳು ಕೆಂಪು ಅಂಗಿಯವಳು, ಅಪ್ಪಟ ಬೆಂಗಳೂರು. ಆದರೆ ಅವಳ ಬೆಂಗಳೂರು ವಿರಾಟ್ ಕೊಹ್ಲಿಯದಲ್ಲ, ಸ್ಮೃತಿ ಮಂದಾನಾಳದು.

ಒಂದೇ ಅಡಿಗೆಮನೆಯ ರೊಟ್ಟಿ ತಿಂದವರಿಗೆ ಇಷ್ಟು ಬಗೆಯ ನಿಷ್ಠೆ ಹೇಗೆ ಬಂತು? ಯಾರೂ ಕೂತು ಯೋಚಿಸಿ ಆರಿಸಿಕೊಂಡದ್ದಲ್ಲ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ ನೋಡುತ್ತೇವೆ. ಜೀವಮಾನವಿಡೀ ನಗಿಸಿ ಅಳಿಸುವ ತಂಡವನ್ನು ಮಾತ್ರ ಹಾಗೇ ಮನೆಯೊಳಗೆ ಬಿಟ್ಟುಕೊಳ್ಳುತ್ತೇವೆ.

ಮೊದಲು ಹೊಳೆಯುವ ಉತ್ತರ ದೂರದ್ದು. ನ್ಯೂಟನ್ನನ ನಿಯಮದಂತೆ ಹತ್ತಿರದ ವಸ್ತು ಹೆಚ್ಚು ಸೆಳೆಯಬೇಕು. ಆನಗೋಡಿಗೆ ಬೆಂಗಳೂರು ಇನ್ನೂರೈವತ್ತು ಕಿಲೋಮೀಟರು, ಚೆನ್ನೈ ಅದಕ್ಕೆ ಎರಡು ಪಟ್ಟಿಗೂ ಮಿಗಿಲು. ಲೆಕ್ಕದಂತೆ ಊರೆಲ್ಲ ಕೆಂಪಾಗಬೇಕಿತ್ತು. ಆದರೆ ನ್ಯೂಟನ್ ದ್ರವ್ಯರಾಶಿಯನ್ನೂ ಹೇಳಿದ್ದಾನಲ್ಲ! ಧೋನಿ ಎಂಬ ದ್ರವ್ಯರಾಶಿಯ ಮುಂದೆ ದೂರದ ಲೆಕ್ಕ ಕೆಲಸ ಮಾಡಲಿಲ್ಲ.

ಎರಡನೆಯ ಉತ್ತರ ಅಮೆರಿಕದ ಬೇಸ್‌ಬಾಲ್‌ನಿಂದ ಬಂದದ್ದು, ಸ್ವಾರಸ್ಯದ್ದು. ಅಲ್ಲಿ ಎರಡು ಲೀಗುಗಳಿವೆ. ನ್ಯಾಷನಲ್ ಲೀಗ್ 1876ರದು, ಅಮೆರಿಕನ್ ಲೀಗ್ 1901ರಿಂದ ದೊಡ್ಡ ಲೀಗ್ ಎನಿಸಿಕೊಂಡದ್ದು. 1997ರವರೆಗೆ ಒಂದು ಲೀಗಿನ ತಂಡ ಇನ್ನೊಂದು ಲೀಗಿನ ತಂಡದೊಡನೆ ಋತುವಿನ ಪಂದ್ಯಗಳಲ್ಲಿ ಆಡುತ್ತಲೇ ಇರಲಿಲ್ಲ. ಎರಡರ ವಿಜೇತರು ಕೊನೆಗೆ ವರ್ಲ್ಡ್ ಸೀರೀಸ್‌ನಲ್ಲಿ ಮಾತ್ರ ಎದುರಾಗುತ್ತಿದ್ದರು. ಹಾಗಾಗಿ ಅಲ್ಲಿನ ಅಭಿಮಾನಿ ಲೀಗಿಗೊಂದು ತಂಡ ಇಟ್ಟುಕೊಂಡರೂ ಸಂಸಾರ ಸಲೀಸಾಗಿ ಸಾಗುತ್ತಿತ್ತು. ಸೇತ್ ಸ್ಟೀಫನ್ಸ್-ಡೇವಿಡೋವಿಟ್ಸ್ ಎಂಬ ಅರ್ಥಶಾಸ್ತ್ರಜ್ಞ 2014ರಲ್ಲಿ ಫೇಸ್‌ಬುಕ್ಕಿನ ಅಂಕಿಅಂಶ ಹಿಡಿದು ಈ ಅಭಿಮಾನಿಗಳ ವಯಸ್ಸನ್ನು ಪರಿಶೀಲಿಸಿದ. ನ್ಯೂಯಾರ್ಕಿನ ಮೆಟ್ಸ್ ತಂಡ ವರ್ಲ್ಡ್ ಸೀರೀಸ್ ಗೆದ್ದದ್ದು 1969 ಮತ್ತು 1986ರಲ್ಲಿ. ಆ ವರ್ಷಗಳಲ್ಲಿ ಎಂಟರ ಆಸುಪಾಸಿನಲ್ಲಿದ್ದ ಗಂಡುಹುಡುಗರಲ್ಲಿ ಮೆಟ್ಸ್ ಅಭಿಮಾನಿಗಳು ಎದ್ದು ಕಾಣುವಷ್ಟು ಹೆಚ್ಚು. ಎಂಟನೆಯ ವಯಸ್ಸಿನಲ್ಲಿ ಗೆದ್ದ ತಂಡ ಹುಡುಗನ ಎದೆಯಲ್ಲಿ ಬೀಡುಬಿಡುತ್ತದೆ, ತಲೆ ನರೆತರೂ ಏಳುವುದಿಲ್ಲ.

ಈ ಅಳತೆಗೋಲನ್ನು ಆನಗೋಡಿನ ಮನೆಗೆ ಹಿಡಿದು ನೋಡೋಣ. ಅಜ್ಜ ಹುಟ್ಟಿದ್ದು 1966ರಲ್ಲಿ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದೇ ಋತುವಿನಲ್ಲಿ, 1974ರಲ್ಲಿ, ಪ್ರಸನ್ನ ನಾಯಕತ್ವದ ಕರ್ನಾಟಕ ಸೆಮಿಫೈನಲ್‌ನಲ್ಲಿ ಮುಂಬಯಿಯನ್ನು ಹೊರದಬ್ಬಿತು. ಸತತ ಹದಿನೈದು ವರ್ಷ ರಣಜಿ ಟ್ರೋಫಿಯನ್ನು ಮನೆಯ ಕಪಾಟಿನಲ್ಲೇ ಇಟ್ಟುಕೊಂಡಿದ್ದ ತಂಡವದು. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿ ಟ್ರೋಫಿ ತಂದಾಯಿತು. ರೇಡಿಯೋಕ್ಕೆ ಕಿವಿಯಾನಿಸಿ ಕೂತ ಎಂಟರ ಹುಡುಗನಿಗೆ ವಿಶ್ವನಾಥ್, ಚಂದ್ರಶೇಖರ್, ಬ್ರಿಜೇಶ್ ಪಟೇಲ್ ಎಂಬ ಹೆಸರುಗಳು ಮಗ್ಗಿಯ ಹಾಗೆ ಬಾಯಿಗೆ ಬಂದವು. ಈಗ ಮಗ್ಗಿ ಮರೆತಿದೆ, ಹೆಸರು ಮರೆತಿಲ್ಲ.

ಅಪ್ಪನಿಗೆ ಎಂಟು ತುಂಬಿದ್ದು 1996ರಲ್ಲಿ. ಆ ಅಕ್ಟೋಬರ್ 21ರ ರಾತ್ರಿ ಟೈಟಾನ್ ಕಪ್ ಪಂದ್ಯ, ಚಿನ್ನಸ್ವಾಮಿ ಕ್ರೀಡಾಂಗಣ, ಎದುರಾಳಿ ಆಸ್ಟ್ರೇಲಿಯಾ. ಬೇಕಿದ್ದದ್ದು 216. ಸಚಿನ್ 88ಕ್ಕೆ ಔಟಾದಾಗ ಎಂಟು ವಿಕೆಟಿಗೆ 164. ಅರ್ಧ ಭಾರತ ಟಿ.ವಿ. ಆರಿಸಿ ಮಲಗಿತು. ಆಮೇಲೆ ನಿಂತವರು ನಮ್ಮ ಇಬ್ಬರು ಬೌಲರುಗಳು, ಶ್ರೀನಾಥ್ ಮತ್ತು ಕುಂಬ್ಳೆ. ಟಿ.ವಿ. ಆರಿಸದ ಮನೆಯ ಹುಡುಗರು ಮರುದಿನ ಶಾಲೆಯಲ್ಲಿ ರಾಜರಾದರು. ಅಂದಿನಿಂದ ಆ ಅಪ್ಪನ ಲೆಕ್ಕ ಒಂದೇ: ನಮ್ಮವನು ಎಲ್ಲಿದ್ದಾನೋ ಅದೇ ನಮ್ಮ ತಂಡ.

ಮಗನಿಗೆ ಎಂಟಾದದ್ದು 2018ರಲ್ಲಿ. ಎರಡು ವರ್ಷ ಅಮಾನತಿನಲ್ಲಿದ್ದ ಚೆನ್ನೈ ಮರಳಿ ಬಂದು ಕಪ್ ಗೆದ್ದ ವರ್ಷವದು. ಮಗಳಿಗೆ ಎಂಟು ತುಂಬಿದ್ದು 2024ರಲ್ಲಿ. ಆ ಮಾರ್ಚ್ 17ರಂದು ಬೆಂಗಳೂರಿನ ಮಹಿಳಾ ತಂಡ ದೆಹಲಿಯನ್ನು ಎಂಟು ವಿಕೆಟ್‌ಗಳಿಂದ ಸೋಲಿಸಿತು, ಕಲಬುರಗಿಯ ಶ್ರೇಯಾಂಕಾ ಪಾಟೀಲ ನಾಲ್ಕು ವಿಕೆಟ್ ಕಿತ್ತಳು. ಗಂಡಸರ ತಂಡ ಹದಿನಾರು ವರ್ಷ ಬೆವರು ಸುರಿಸಿಯೂ ತರಲಾಗದ ಕಪ್ಪನ್ನು ಹೆಣ್ಣುಮಕ್ಕಳು ಎರಡನೆಯ ವರ್ಷದಲ್ಲೇ ತಂದರು. ಆ ಹುಡುಗಿ ಅಣ್ಣನನ್ನು ಚುಚ್ಚಲು ಇನ್ನೇನು ಬೇಕು?

ಅಪ್ಪನ ಸೂತ್ರ ಕೇಳಲು ಚೆಂದ, ಪಾಲಿಸಲು ಕಷ್ಟ. ದಾವಣಗೆರೆಯವರಿಗೆ ಅದರ ಕಷ್ಟ ಗೊತ್ತು. ಈ ಊರಲ್ಲಿ ಹುಟ್ಟಿದ ಆರ್. ವಿನಯ್ ಕುಮಾರ್ ಅವರನ್ನು ದೇಶವೇ ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಕರೆಯಿತು. ಬೆಣ್ಣೆ ದೋಸೆಗೆ ಹೆಸರಾದ ಊರಿಗೆ ವೇಗದ ಬೌಲರನ ಹೆಸರೂ ಸೇರಿತು. ಅವರ ನಾಯಕತ್ವದಲ್ಲಿ ಕರ್ನಾಟಕ 2013–14 ಮತ್ತು 2014–15, ಎರಡೂ ಋತುಗಳಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆದ್ದಿತು. ಪ್ರಥಮ ದರ್ಜೆಯಲ್ಲಿ 504 ವಿಕೆಟ್. ಅಷ್ಟರ ಮಟ್ಟಿಗೆ ಅಜ್ಜ, ಅಪ್ಪ ಇಬ್ಬರೂ ಒಂದೇ ಚಾಪೆಯ ಮೇಲೆ. ತೊಡಕು ಬಂದದ್ದು ಐಪಿಎಲ್‌ನಲ್ಲಿ. 2008ರಿಂದ ಬೆಂಗಳೂರು, 2011ರಲ್ಲಿ ಕೊಚ್ಚಿ, ಮತ್ತೆ ಬೆಂಗಳೂರು, 2014ರಲ್ಲಿ ಕೋಲ್ಕತ್ತ, ಆಮೇಲೆ ಮುಂಬೈ, 2018ರಲ್ಲಿ ಮತ್ತೆ ಕೋಲ್ಕತ್ತ. ಹರಾಜು ಎಲ್ಲಿಗೆ ಕಳಿಸಿತೋ ಅಲ್ಲಿಗೆ ಹೋದರು. ಅಪ್ಪನೂ ಹಿಂದೆಯೇ ಹೋದ, ಬಸ್ಸು ಬದಲಾಯಿಸುತ್ತಾ.

ಆ 2018ರ ಏಪ್ರಿಲ್ 10ರ ರಾತ್ರಿ ಅಪ್ಪ–ಮಗ ಇಬ್ಬರಿಗೂ ಇನ್ನೂ ನೆನಪಿದೆ. ಚೆನ್ನೈಗೆ ಕೊನೆಯ ಓವರಿನಲ್ಲಿ ಹದಿನೇಳು ರನ್ ಬೇಕು, ಚೆಂಡು ವಿನಯ್ ಕುಮಾರ್ ಕೈಯಲ್ಲಿ. ಒಂದು ಎಸೆತ ಉಳಿದಿರುವಾಗಲೇ ಜಡೇಜ ಸಿಕ್ಸರ್ ಎತ್ತಿ ಮುಗಿಸಿದರು. ಮಗ ಮಂಚದ ಮೇಲೆ ಕುಣಿದ. ಅಪ್ಪ ಎದ್ದು ಹೊರಗೆ ಹೋಗಿ ನಿಂತ. ಸಾಮಾಜಿಕ ಜಾಲತಾಣಗಳಲ್ಲಿ ಬೈಗುಳದ ಮಳೆ, ಬೈದವರಲ್ಲಿ ಕನ್ನಡಿಗರೂ ಇದ್ದರು. ಐನೂರಕ್ಕೂ ಹೆಚ್ಚು ವಿಕೆಟ್ ಪಡೆದವನನ್ನು ಆರು ಎಸೆತದಲ್ಲಿ ತೂಗುವ ತಕ್ಕಡಿ ಅದೆಂಥದೋ!

ಆಟಗಾರನ ಹಿಂದೆ ಹೋಗಬೇಕೇ, ಅಂಗಿಯ ಹಿಂದೆ ಹೋಗಬೇಕೇ ಎಂಬ ಈ ಜಗ್ಗಾಟ 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲೇ ನಡೆಯಿತು. ದೆಹಲಿಯ ಅಂಗಿ ತೊಟ್ಟ ಕೆ.ಎಲ್. ರಾಹುಲ್ ಬೆಂಗಳೂರಿನ ವಿರುದ್ಧ ಔಟಾಗದೆ 93 ಹೊಡೆದು, ನೆಲದ ಮೇಲೆ ಬ್ಯಾಟಿನಿಂದ ವೃತ್ತ ಬರೆದು, ಇದು ನನ್ನ ಜಾಗ ಎಂದು ತೋರಿಸಿದರು. ‘ಕಾಂತಾರ’ ನೋಡಿದವರಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಕೆಂಪು ಅಂಗಿಯ ಗ್ಯಾಲರಿ ಗೆಲ್ಲಿಸಿದ ಕನ್ನಡಿಗನಿಗೆ ಚಪ್ಪಾಳೆ ತಟ್ಟಬೇಕೋ, ಸೋತ ಬೆಂಗಳೂರಿಗೆ ಅಳಬೇಕೋ? ಅಂದು ಎದುರು ತಂಡದಲ್ಲಿ ಊರಿನ ಹೆಸರಿತ್ತು, ಊರಿನ ಹುಡುಗರು ಬೆರಳೆಣಿಕೆಯಷ್ಟೇ ಇದ್ದರು.

ಹಾಗಾದರೆ ಅಂಗಿಗೆ ಅಷ್ಟೊಂದು ಶಕ್ತಿ ಎಲ್ಲಿಂದ? ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞ ಮಾಡಿದ, 1970ರಲ್ಲಿ ಪ್ರಕಟವಾದ ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಹದಿನಾಲ್ಕು–ಹದಿನೈದು ವರ್ಷದ 64 ಶಾಲಾ ಹುಡುಗರು. ಪರದೆಯ ಮೇಲೆ ಚುಕ್ಕೆಗಳನ್ನು ಕ್ಷಣಕಾಲ ತೋರಿಸಿ ಎಷ್ಟಿವೆ ಎಂದು ಅಂದಾಜು ಕೇಳಿದರು. ನೀನು ಹೆಚ್ಚು ಎಣಿಸುವವರ ಗುಂಪು, ನೀನು ಕಡಿಮೆ ಎಣಿಸುವವರ ಗುಂಪು ಎಂದು ಒಬ್ಬೊಬ್ಬನಿಗೂ ಗುಟ್ಟಾಗಿ ಹೇಳಿದರು. ನಿಜವಾಗಿ ಆ ವಿಂಗಡಣೆ ಚೀಟಿ ಎತ್ತಿದ ಹಾಗೆ ಮನಬಂದಂತೆ ಮಾಡಿದ್ದು. ಬಳಿಕ ಬೇರೆ ಇಬ್ಬರ ನಡುವೆ ಹಣ ಹಂಚುವ ಕೆಲಸ ಕೊಟ್ಟರು. ಹೆಸರಿಲ್ಲ, ಮುಖ ಗೊತ್ತಿಲ್ಲ, ಹಂಚುವವನಿಗೆ ತನಗೇನೂ ಲಾಭವಿಲ್ಲ. ಆದರೂ ಹುಡುಗರು ತಮ್ಮ ಗುಂಪಿನವನಿಗೆ ಹೆಚ್ಚು ಕೊಟ್ಟರು! ಮುಂದಿನ ಪ್ರಯೋಗದಲ್ಲಿ ಇನ್ನೂ ವಿಚಿತ್ರ ಕಂಡಿತು. ತಮ್ಮವರಿಗೆ ಒಂದಿಷ್ಟು ಕಡಿಮೆ ಬಂದರೂ ಚಿಂತೆಯಿಲ್ಲ, ಎದುರು ಗುಂಪಿಗಿಂತ ಮೇಲಿರಬೇಕು ಎಂಬ ಕಡೆಗೇ ಹುಡುಗರ ಒಲವು. ಚುಕ್ಕೆ ಎಣಿಸಿದ್ದಕ್ಕೇ ಇಷ್ಟಾದರೆ, ಬಣ್ಣ, ಬಾವುಟ, ಹಾಡು, ಘೋಷಣೆ ಎಲ್ಲ ಸೇರಿದರೆ ಏನಾಗಬೇಡ?

ಅಂಗಿ ಯಾರದು ಎಂಬ ಪ್ರಶ್ನೆಯನ್ನು ಅಭಿಮಾನಿ ಕೇಳುವುದಿಲ್ಲ, ಕೇಳಬೇಕು. 1957ರ ಋತು ಮುಗಿಯುತ್ತಲೇ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಡಾಡ್ಜರ್ಸ್ ತಂಡವನ್ನು ಮಾಲೀಕ ಲಾಸ್ ಏಂಜಲೀಸ್‌ಗೆ ಹೊತ್ತೊಯ್ದ. ಜೈಂಟ್ಸ್ ತಂಡವೂ ಸ್ಯಾನ್‌ಫ್ರಾನ್ಸಿಸ್ಕೋಕ್ಕೆ ಹೋಯಿತು. ಕಣ್ಣೀರಿಟ್ಟವರನ್ನು ಕೇಳಿದವರಿಲ್ಲ. 1962ರಲ್ಲಿ ಹುಟ್ಟಿದ ಮೆಟ್ಸ್ ತಂಡ ಒಂದರಿಂದ ನೀಲಿ, ಇನ್ನೊಂದರಿಂದ ಕಿತ್ತಳೆ ಬಣ್ಣ ತೆಗೆದುಕೊಂಡು ಅನಾಥರಾದ ಅಭಿಮಾನಿಗಳನ್ನು ಕರೆಯಿತು. ಬಣ್ಣ ಕಂಡು ಜನ ಬಂದರು.

ದಾವಣಗೆರೆಯ ಕತೆ ಇಷ್ಟು ದೊಡ್ಡದಲ್ಲ, ಜಾತಿ ಮಾತ್ರ ಅದೇ. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಶುರುವಾದಾಗ ‘ದಾವಣಗೆರೆ ಡೈಮಂಡ್ಸ್’ ಎಂಬ ತಂಡವಿತ್ತು. ಕೆಲವು ವರ್ಷಗಳಲ್ಲಿ ಆ ಹೆಸರು ಮಾಯವಾಯಿತು. 2019ರ ಫಿಕ್ಸಿಂಗ್ ಹಗರಣದ ಬಳಿಕ ಲೀಗೂ ನಿಂತಿತು. 2022ರಲ್ಲಿ ಮಹಾರಾಜ ಟ್ರೋಫಿ ಬಂದಾಗ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಶಿವಮೊಗ್ಗ, ಗುಲ್ಬರ್ಗ ಎಂದು ಆರು ತಂಡ. ರಾಜ್ಯದ ನಟ್ಟನಡುವಿನ ಊರಿಗೆ ತಂಡವಿಲ್ಲ! ಮಧ್ಯದಲ್ಲಿದ್ದವನಿಗೆ ಎಲ್ಲ ಕಡೆಯಿಂದಲೂ ಸೆಳೆತ, ಹಾಗಾಗಿ ಎತ್ತಲೂ ಇಲ್ಲ.

2025ರ ಜೂನ್ 3ರ ರಾತ್ರಿ ಮಾತ್ರ ಆ ಮನೆಯಲ್ಲಿ ಪಕ್ಷಭೇದ ಅಳಿಯಿತು. ಅಹಮದಾಬಾದಿನಲ್ಲಿ ಬೆಂಗಳೂರು ಪಂಜಾಬನ್ನು ಆರು ರನ್‌ಗಳಿಂದ ಸೋಲಿಸಿತು. 2009ರ ಫೈನಲ್‌ನಲ್ಲಿ ಕುಂಬ್ಳೆಯವರ ಬೆಂಗಳೂರು ಡೆಕ್ಕನ್ ಚಾರ್ಜರ್ಸ್‌ಗೆ ಸೋತದ್ದೂ ಇದೇ ಆರು ರನ್‌ಗಳಿಂದ. ಹದಿನೆಂಟನೆಯ ವರ್ಷಕ್ಕೆ ಆ ಸಾಲ ತೀರಿತು. ಹಳದಿ ಅಂಗಿಯ ಮಗ ‘ನಾವು ಗೆದ್ವಿ’ ಎಂದು ಬೀದಿಗೆ ಓಡಿದ. ತಂಗಿ ಬಿಡುತ್ತಾಳೆಯೇ, ‘ನಾವು ಅಂದ್ರ ಯಾರಲೇ?’ ಎಂದಳು. ಅಮೆರಿಕದ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಕಾಲೇಜು ತಂಡ ಗೆದ್ದ ಮರುವಾರ ಕಾಲೇಜಿನ ಹೆಸರಿರುವ ಅಂಗಿ ತೊಡುವವರು ಹೆಚ್ಚು. ಗೆದ್ದರೆ ‘ನಾವು ಗೆದ್ದೆವು’, ಸೋತರೆ ‘ಅವರು ಸೋತರು’.

ಮರುದಿನ ಬೆಳಿಗ್ಗೆ ಮಗ ಬಸ್ಸಿನ ದುಡ್ಡು ಕೇಳಿದ. ಗೆಳೆಯರು ಬೆಂಗಳೂರಿಗೆ ಹೊರಟಿದ್ದಾರೆ, ವಿಜಯೋತ್ಸವ ನೋಡಬೇಕು. ಮುಂಗಾರಿನ ದಿನ, ಹೊಲದಲ್ಲಿ ಮೆಕ್ಕೆಜೋಳದ ಬಿತ್ತನೆ. ಅಪ್ಪ ಕೊಡಲಿಲ್ಲ. ಹುಡುಗ ಮುಖ ಊದಿಸಿಕೊಂಡು ಬೀಜದ ಚೀಲ ಹೊತ್ತ. ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ ಹನ್ನೊಂದು ಮಂದಿ ಸತ್ತ ಸುದ್ದಿ ಟಿ.ವಿ.ಯಲ್ಲಿ ಬಂತು. ಹೆಚ್ಚಿನವರು ಎಳೆಯ ಪ್ರಾಯದವರು. ಅಪ್ಪ ಮಗನ ಕಡೆ ನೋಡಲಿಲ್ಲ, ಮಗ ಅಪ್ಪನ ಕಡೆ ನೋಡಲಿಲ್ಲ. ಹೊರಟಿದ್ದ ಗೆಳೆಯರು ದಾವಣಗೆರೆಯಲ್ಲೇ ರೈಲು ತಪ್ಪಿಸಿಕೊಂಡು ಮರಳಿದ್ದು ತಿಳಿದಾಗ ರಾತ್ರಿ ಹತ್ತು. ಅಲ್ಲಿಯವರೆಗೆ ಆ ಮನೆಯಲ್ಲಿ ಯಾರೂ ಊಟಕ್ಕೆ ಕೂರಲಿಲ್ಲ.

ಎರಡು ತಿಂಗಳು ಆ ಟಿ.ವಿ.ಯಲ್ಲಿ ಕ್ರಿಕೆಟ್ಟಿಲ್ಲ. ಆಗಸ್ಟ್‌ನಲ್ಲಿ ಮಹಾರಾಜ ಟ್ರೋಫಿ ಶುರುವಾದಾಗ ಹುಡುಗನೇ ಮೊದಲು ಮಾತೆತ್ತಿದ.

‘ಅಜ್ಜಾ, ಇದ್ರಾಗ ನಮ್ಮೂರಿನ ಟೀಮೇ ಇಲ್ಲಲ್ಲ. ಯಾರ ಕಡೆ ಇರಾದು?’

ಅಜ್ಜ ಎಲೆಗೆ ಸುಣ್ಣ ಸವರುತ್ತಾ ತುಸು ಹೊತ್ತು ಯೋಚಿಸಿ ಹೇಳಿದ: ‘ನಿಮ್ಮಜ್ಜಿ ತವರುಮನೆ ಚನ್ನಗಿರಿ. ಅದು ಮೊದಲು ಶಿವಮೊಗ್ಗ ಜಿಲ್ಲೆಗಿತ್ತು. ಶಿವಮೊಗ್ಗನೇ ಇರ್ಲಿ ಬಿಡು.’